ಎರಡು ಗಿಟಾರಿಗೆ ಒಂದು ಡಬ್ಬಿ

ಸಿದ್ದಾಪುರ
13 ಆಗಸ್ಟ್ 1956, ಸೋಮವಾರ

ಮಲ್ಲಪ್ಪನಿಗೆ,

ಒಂದು ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿದರೆ ಅದರ ಜೊತೆ ಸೇರಿಸಿದ ಇನ್ನೊಂದರ ದನಿಯೂ ನಿಂತುಹೋಗುತ್ತದೆ. ಇದನ್ನು ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಪತ್ತೆ ಮಾಡಿದವಳು ನನ್ನ ಹೆಂಡತಿ ರಂಗಮ್ಮ. ನಾನು ಪಕ್ಕದಲ್ಲೇ ಕುಳಿತಿದ್ದೆ.

ಎರಡೂವರೆ ವರ್ಷದ ಮೇಲೆ ಬರೆಯುವ ಕಾಗದದಲ್ಲಿ ಮೊದಲು ಯೋಗಕ್ಷೇಮ ವಿಚಾರಿಸಬೇಕು, ಗೊತ್ತು. ವಿಚಾರಿಸಿದರೆ ನೀನು ಕಾಗದವನ್ನು ಅಲ್ಲಿಗೇ ಮಡಿಸಿಬಿಡುತ್ತೀಯ. ಅದಕ್ಕೇ ಸುದ್ದಿ ಮೊದಲು.

ನಡೆದದ್ದು ಹೀಗೆ. ಮಳೆಗಾಲದಲ್ಲಿ ಎಸ್ಟೇಟಿನ ಎಂಜಿನ್ ಓಡುವುದು ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಆ ಎರಡು ಗಂಟೆ ನಮ್ಮ ರೈಟರ್ ಕ್ವಾರ್ಟರ್ಸಿಗೂ ಕರೆಂಟು ಬರುತ್ತದೆ. ನಾನು ಗಿಟಾರು ನುಡಿಸಬೇಕು, ರಂಗಮ್ಮ ಗ್ರಾಮಫೋನ್ ಪ್ಲೇಟು ಕೇಳಬೇಕು. ಎರಡರ ದನಿಯೂ ಹೊರಡಬೇಕಾದ್ದು ರೇಡಿಯೊದಿಂದ. ರೇಡಿಯೊ ಇರುವುದು ಒಂದು, ಅದರ ಹಿಂದೆ ತಂತಿ ಸಿಕ್ಕಿಸುವ ತೂತು ಇರುವುದೂ ಒಂದು. ಜಗಳ ಬೇಡವೆಂದು ಎರಡು ತಂತಿ ಸೇರಿಸುವ ನಮ್ಮ ಹಳೆಯ ಡಬ್ಬಿಯನ್ನು ಹುಡುಕಿ ತೆಗೆದು, ಅದರ ಒಂದು ಬಾಯಿಗೆ ಗಿಟಾರು, ಇನ್ನೊಂದಕ್ಕೆ ಗ್ರಾಮಫೋನಿನ ಪಿಕಪ್ ಸಿಕ್ಕಿಸಿದೆ. ಎರಡೂ ಒಟ್ಟಿಗೆ ಕೇಳಿಸಿದವು. ಸ್ವಲ್ಪ ಹೊತ್ತಿಗೆ ಅವಳಿಗೆ ನನ್ನ ಗಿಟಾರು ಸಾಕಾಯಿತು. ಸೀದಾ ಬಂದು ಅದರ ಗುಂಡಿಯನ್ನು ಸೊನ್ನೆಗೆ ತಿರುಗಿಸಿದಳು. ಪ್ಲೇಟು ತಿರುಗುತ್ತಲೇ ಇದೆ, ಹಾಡು ಇಲ್ಲ!

"ಏನ್ರೀ ಇದು? ನಿಮ್ ಹಲಗೆ ಬಾಯಿ ಮುಚ್ಚಿಸಿದ್ರೆ ನನ್ ಪ್ಲೇಟಿಗ್ಯಾಕೆ ಗಂಟ್ಲು ಕಟ್ತು?" ಎಂದಳು.

ನಾನು ಗುಂಡಿ ಏರಿಸಿದೆ. ಹಾಡು ಬಂತು. ಇಳಿಸಿದೆ, ಹೋಯಿತು. ಹನ್ನೆರಡು ಸಲ ಮಾಡಿದೆ ಮಲ್ಲಪ್ಪ, ಹನ್ನೆರಡು ಸಲವೂ ಅದೇ. ಕೊನೆಗೆ ನಾನು ಎದ್ದು ಕುಣಿದೆನಂತೆ. ಪಕ್ಕದ ಕೂಲಿ ಲೈನಿನವರು ಕಿಟಕಿಯಲ್ಲಿ ಇಣುಕಿದರಂತೆ. ಎರಡನ್ನೂ ರಂಗಮ್ಮ ಹೇಳಿದಳು, ನನಗೆ ನೆನಪಿಲ್ಲ.

ಈಗ ಐವತ್ತನಾಲ್ಕರ ಜನವರಿ ಇಪ್ಪತ್ತಾರು ನೆನಪಿಸಿಕೋ. ಇಲ್ಲಿಯ ಶಾಲೆಯ ಅಂಗಳ. ನಾವಿಬ್ಬರೂ ಒಂದೇ ಹಲಸಿನ ಹಲಗೆ ಸೀಳಿ ಮಾಡಿಕೊಂಡ ಜೋಡಿ ಗಿಟಾರುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೈಯಲ್ಲಿ ಉಕ್ಕಿನ ಸರಳು ಹಿಡಿದು ಕುಳಿತಿದ್ದೆವು. ನಿನ್ನ ಅಂಗಡಿಯಲ್ಲಿ ಅಭ್ಯಾಸ ಮಾಡಿದ್ದು ಇಬ್ಬರಿಗೆ ಎರಡು ರೇಡಿಯೊ ಇಟ್ಟುಕೊಂಡು. ಅಂದು ಎಸ್ಟೇಟಿನ ಬಂಗಲೆಯಿಂದ ಬಂದ ರೇಡಿಯೊ ಒಂದೇ. ಆ ಡಬ್ಬಿ ಹುಟ್ಟಿದ್ದೇ ಅದಕ್ಕೆ. "ನನ್ನ ಸರದಿ ಬಂದಾಗ ನಿನ್ನ ತಂತಿ ಗುಂಯ್ ಅನ್ನಬಾರದು" ಎಂದು ನೀನು ಹೇಳಿದ್ದೆ. ನಿನ್ನ ಸರದಿ ಬಂತು. ನಾನು ಮರ್ಯಾದೆಯಿಂದ ವಾಲ್ಯೂಮ್ ಪೂರ್ತಿ ಇಳಿಸಿ ಕೈ ಕಟ್ಟಿ ಕುಳಿತೆ.

ನಿನ್ನ ದನಿ ಸತ್ತದ್ದು ಆಗ. ಇಡೀ ಅಂಗಳದೆದುರು ನೀನು ನನ್ನನ್ನು ದ್ರೋಹಿ ಎಂದೆ. ನಾನು ಏನು ಮಾಡಿದೆನೆಂದು ನನಗೇ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನನಗೆ ಬೇಕಾದ್ದು ಇಷ್ಟೇ: ಬೇರೆ ಯಾರು ನಂಬದಿದ್ದರೂ ಪರವಾಗಿಲ್ಲ, ನೀನು ನಂಬಬೇಕು.

ಇಂತಿ,
ದೇವರಾಜು


ಕೊಡ್ಲಿಪೇಟೆ
20-8-56

ಶ್ರೀ ದೇವರಾಜು ಅವರಿಗೆ,

ತಮ್ಮ 13ನೇ ತಾರೀಖಿನ ಕಾಗದ ತಲುಪಿದೆ.

ಮಿಲಿಟರಿಯಲ್ಲಿ ನಾಲ್ಕು ವರ್ಷ, ಅಂಗಡಿಯಲ್ಲಿ ಹತ್ತು ವರ್ಷ ನಾನು ರೇಡಿಯೊ ಬಿಚ್ಚಿ ಮುಚ್ಚಿದ್ದೇನೆ. ಕೆಟ್ಟ ಬೆಸುಗೆ ನೋಡಿದ್ದೇನೆ, ಇಲಿ ಕಡಿದ ತಂತಿ ನೋಡಿದ್ದೇನೆ. ಒಬ್ಬರು ಮರ್ಯಾದೆ ತೋರಿಸಿದ್ದಕ್ಕೆ ಇನ್ನೊಬ್ಬರ ದನಿ ಸತ್ತದ್ದನ್ನು ಮಾತ್ರ ಇನ್ನೂ ನೋಡಿಲ್ಲ. ಅಂದು ನನ್ನದು ಸತ್ತ ಮೇಲೆ ತಮ್ಮದು ಚೆನ್ನಾಗಿಯೇ ಬದುಕಿತ್ತು. ಮುನ್ನೂರು ಜನ ಕೇಳಿದ್ದಾರೆ. ಅದಕ್ಕೆ ಏನು ಹೇಳುತ್ತೀರಿ? ತಪ್ಪನ್ನು ತಂತಿಯ ಮೇಲೆ ಹೊರಿಸುವುದು ಸುಲಭ. ಅದಕ್ಕೆ ಬಾಯಿಲ್ಲ.

ಗಿಟಾರು ಅಟ್ಟದ ಮೇಲಿದೆ. ಸಂಪಾಜೆಯವರೊಬ್ಬರು ಕೇಳಿದ್ದಾರೆ. ದಸರಾ ಕಳೆದ ಮಂಗಳವಾರ ಬಂದು ಒಯ್ಯುತ್ತಾರೆ. ಅಲ್ಲಿಗೆ ಈ ವಿಷಯ ಮುಗಿಯುತ್ತದೆ.

ಎಂ. ಮಲ್ಲಪ್ಪ
ರೇಡಿಯೊ ರಿಪೇರಿ ಮತ್ತು ಬ್ಯಾಟರಿ

ಮರೆತಿದ್ದೆ: ಆ ಡಬ್ಬಿ ನನ್ನ ಮನೆಯವರ ತಿಂಡಿ ಡಬ್ಬಿ. ಎರಡೂವರೆ ವರ್ಷದಿಂದ ಕೇಳುತ್ತಿದ್ದಾರೆ. ಅನುಕೂಲವಾದಾಗ ಕಳಿಸುವುದು.


ಸಿದ್ದಾಪುರ
26 ಆಗಸ್ಟ್ 1956, ಭಾನುವಾರ

ಮಲ್ಲಪ್ಪನಿಗೆ,

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಇಂದು ಹತ್ತೂವರೆಗೆ ಪರೀಕ್ಷೆ ಆಯಿತು. ಎಂಜಿನ್ ನಿಂತ ಮೇಲೆ ಬರೆಯುತ್ತಿದ್ದೇನೆ.

ನನ್ನದು ಹೇಗೆ ಬದುಕಿತು ಎಂದು ಕೇಳಿದ್ದೀಯ. ಕ್ರಮವಾಗಿ ಬರೆಯುತ್ತೇನೆ. ನಾನು ಸೊನ್ನೆಗೆ ಇಳಿಸಿದೆ, ಇಬ್ಬರದೂ ಸತ್ತಿತು. ನೀನು ಎರಡು ಸಲ ತಂತಿ ಎಳೆದು ನೋಡಿದೆ, ಮೂರನೆಯ ಸಲಕ್ಕೆ ಸರಳನ್ನು ಮೇಜಿನ ಮೇಲೆ ಕುಕ್ಕಿ ಎದ್ದುಬಿಟ್ಟೆ. ಜನ ನಗುತ್ತಿದ್ದರು. ನನಗೆ ಗಾಬರಿ. ಏನಾದರೂ ನುಡಿಸಿ ತುಂಬೋಣವೆಂದು ನನ್ನ ವಾಲ್ಯೂಮ್ ಏರಿಸಿದೆ. ನಾನು ಏರಿಸಿದ ಕ್ಷಣ ಇಬ್ಬರದೂ ಬದುಕಿತು! ಆದರೆ ಅಷ್ಟರಲ್ಲಿ ನಿನ್ನ ಕೈ ತಂತಿಯ ಮೇಲಿರಲಿಲ್ಲ. ಮುನ್ನೂರು ಜನ ಕೇಳಿದ್ದು ನನ್ನದೊಂದನ್ನೇ. ಅವರು ಸುಳ್ಳು ಹೇಳುತ್ತಿಲ್ಲ, ನೀನೂ ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ.

ಯಾಕೆ ಹೀಗಾಗುತ್ತದೆ ಎಂದು ರಂಗಮ್ಮನಿಗೆ ವಿವರಿಸಲು ಹೋಗಿ ನನಗೇ ಅರ್ಥವಾಯಿತು. ನಾನು ಇಷ್ಟು ದಿನ ವಾಲ್ಯೂಮ್ ಇಳಿಸುವುದೆಂದರೆ ಬಾಗಿಲು ಮುಚ್ಚುವುದು ಅಂದುಕೊಂಡಿದ್ದೆ. ಅಲ್ಲ. ಗುಂಡಿಯ ಒಳಗಿನ ಕಂಟ್ರೋಲಿಗೆ ಮೂರು ಕಾಲು. ಒಂದು ತಂತಿಯ ಅದುರು ಹಿಡಿಯುವ ಪಿಕಪ್ಪಿಗೆ, ಒಂದು ಅರ್ಥಿಗೆ ಅಂದರೆ ನೆಲಕ್ಕೆ, ನಡುವಿನದು ರೇಡಿಯೊಗೆ. ಗುಂಡಿ ಇಳಿಸಿದಂತೆ ನಡುಕಾಲು ಅರ್ಥಿನ ಕಡೆ ಸರಿಯುತ್ತದೆ. ಸೊನ್ನೆಗೆ ಬಂದಾಗ ಅರ್ಥಿಗೇ ಅಂಟಿಕೊಳ್ಳುತ್ತದೆ. ಡಬ್ಬಿಯೊಳಗೆ ನಿನ್ನ ನಡುಕಾಲು, ನನ್ನ ನಡುಕಾಲು ಒಂದೇ ಗಂಟಿನಲ್ಲಿವೆ. ನನ್ನದು ನೆಲಕ್ಕಿಳಿದರೆ ನಿನ್ನದನ್ನೂ ಎಳೆದುಕೊಂಡೇ ಇಳಿಯುತ್ತದೆ.

ರಂಗಮ್ಮ ಕುಶಾಲನಗರದ ಕಡೆಯ ಗದ್ದೆಯಲ್ಲಿ ಬೆಳೆದವಳು. ಕೇಳಿ, "ಓ, ಅಷ್ಟೇನಾ? ಎರಡು ಕಾಲುವೆ ಒಂದೇ ಮಡುವಿಗೆ ಬೀಳ್ತವೆ. ನನ್ನ ಕಾಲುವೆಗೆ ಮಣ್ಣು ಹಾಕಿ ನಿಲ್ಲಿಸೋದು ಬಿಟ್ಟು ಮಡುವಿನ ತೂಬು ಕಿತ್ತರೆ ಪಕ್ಕದವರ ನೀರೂ ಹಳ್ಳಕ್ಕೇ ಹೋಗುತ್ತೆ. ನಮ್ಮ ಮಾವನ ಕಾಲದಲ್ಲಿ ಇದಕ್ಕೇ ಹೊಡೆದಾಟ ಆಗಿತ್ತು" ಎಂದಳು. ಜಬ್ಬಲ್‌ಪುರದ ವರ್ಕ್‌ಶಾಪಿನಲ್ಲಿ ಮಿಲಿಟರಿಯಲ್ಲಿದ್ದ ನಮಗೆ ನಾಲ್ಕು ವರ್ಷ ಪಾಠ ಹೇಳಿದವರು ಇಷ್ಟು ಚೆನ್ನಾಗಿ ಹೇಳಲಿಲ್ಲ.

ಇನ್ನೊಂದು ಸುದ್ದಿ. ಶಾಲೆಯಲ್ಲಿ ಅಕ್ಟೋಬರ್ ಇಪ್ಪತ್ತೇಳು, ಶನಿವಾರ, ಸಂಜೆ ಆರಕ್ಕೆ ಕಾರ್ಯಕ್ರಮ. ನವೆಂಬರ್ ಒಂದರಿಂದ ಕೊಡಗು ರಾಜ್ಯ ಮೈಸೂರಿಗೆ ಸೇರುತ್ತದಲ್ಲ, ಅದಕ್ಕೆ ಮೊದಲು ನಮ್ಮದೇ ಒಂದು ಸಂಜೆ ಆಗಲಿ ಎಂದು ಮೇಷ್ಟ್ರ ಆಸೆ. ಜೋಡಿ ಗಿಟಾರು ಕೇಳಿದ್ದಾರೆ. ಒಂದೇ ಇದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಗಿಟಾರು ಸಂಪಾಜೆಗೆ ಕೊಡುವ ಮುಂಚೆ ಒಂದು ಸಲ ನೀನೇ ಪರೀಕ್ಷೆ ಮಾಡಿ ನೋಡು. ಅಷ್ಟೇ ಕೇಳುತ್ತೇನೆ.

ಇಂತಿ,
ದೇವರಾಜು

ಮಲ್ಲಪ್ಪಣ್ಣ, ನಾನು ರಂಗಮ್ಮ. ಡಬ್ಬಿ ನನ್ನ ಹತ್ತಿರವೇ ಜೋಪಾನವಾಗಿದೆ, ಆದರೆ ಅದಕ್ಕೆ ನೀವೇ ಮೂರು ತೂತು ಕೊರೆದಿದ್ದೀರಿ, ಸುಲೋಚನಕ್ಕ ಅದರಲ್ಲಿ ಇನ್ನು ಏನು ತುಂಬುತ್ತಾರೆ? ಇವರು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಈ ವಿಷಯದಲ್ಲಿ ಒಂದು ದಿನವೂ ಆಗಿಲ್ಲ.


ಸಿದ್ದಾಪುರ
17 ಸೆಪ್ಟೆಂಬರ್ 1956, ಸೋಮವಾರ

ಮಲ್ಲಪ್ಪನಿಗೆ,

ನಿನ್ನ ಕೌಂಟರಿನ ಮೇಲೆ ಗ್ರಾಮಫೋನು ಬಿಚ್ಚಿ ಹರಡಿದೆ, ಅದರ ಪಕ್ಕದಲ್ಲಿ ಗಿಟಾರು ಇದೆ. ಇದನ್ನು ಹೇಳಿದವನು ಬಸ್ ಕಂಡಕ್ಟರ್ ಮಾಯಿಲಪ್ಪ. ಬ್ಯಾಟರಿ ಕೊಡಲು ನಿನ್ನ ಅಂಗಡಿಗೆ ಬಂದಿದ್ದನಂತೆ. "ಏನ್ ಮಲ್ಲಪ್ಪಣ್ಣ, ಅಟ್ಟದಿಂದ ಇಳೀತಾ?" ಎಂದು ಕೇಳಿದ್ದಕ್ಕೆ ಟಿಕೆಟ್ ಹರಿಯೋ ಕೆಲಸ ನೋಡು ಎಂದೆಯಂತೆ. ಮೂರು ವಾರದಿಂದ ನಿನ್ನ ಕಾಗದ ಇಲ್ಲ. ಆದರೂ ಮಾಯಿಲಪ್ಪನ ಈ ಒಂದು ಮಾತಿನಿಂದ ನನಗೆ ಎರಡು ದಿನ ಕಚೇರಿಯಲ್ಲಿ ಲೆಕ್ಕ ತಪ್ಪಿತು.

ನಾನು ಮುಂದುವರಿದಿದ್ದೇನೆ. ಕಾಯಿಲೆ ಗೊತ್ತಾಯಿತಲ್ಲ, ಮದ್ದು ಬೇಕು. ನಿನ್ನೆ ನನ್ನ ಕಂಟ್ರೋಲಿನ ಕಾಲುಗಳನ್ನು ಅದಲು ಬದಲು ಮಾಡಿದೆ. ಪಿಕಪ್ಪಿನ ತಂತಿಯನ್ನು ನಡುಕಾಲಿಗೆ ಹಾಕಿ, ರೇಡಿಯೊಗೆ ಹೋಗುವುದನ್ನು ಪಕ್ಕದ ಕಾಲಿಗೆ ಹಾಕಿದೆ. ಈಗ ಸೊನ್ನೆಗೆ ಇಳಿಸಿದರೆ ನನ್ನ ಪಿಕಪ್ ಮಾತ್ರ ನೆಲಕ್ಕಿಳಿಯುತ್ತದೆ. ಡಬ್ಬಿಯ ಗಂಟಿಗೂ ನೆಲಕ್ಕೂ ನಡುವೆ ಕಂಟ್ರೋಲಿನ ಪೂರ್ತಿ ತಡೆ ಅಡ್ಡ ನಿಲ್ಲುತ್ತದೆ. ಎಂಜಿನ್ ಶುರುವಾಯಿತು, ರಂಗಮ್ಮ ಪ್ಲೇಟು ಹಾಕಿದಳು, ನಾನು ಇಳಿಸಿದೆ.

ಸಾಯಲಿಲ್ಲ! ಪ್ಲೇಟು ಹಾಡುತ್ತಲೇ ಇತ್ತು ಮಲ್ಲಪ್ಪ! ಏರಿಸಿದೆ, ಇಳಿಸಿದೆ, ಹಾಡುತ್ತಲೇ ಇತ್ತು. ರಂಗಮ್ಮ ಒಲೆ ಮೇಲಿನ ಹಾಲು ಮರೆತಳು. ಉಕ್ಕಿದ್ದು ಒಳ್ಳೆಯ ಶಕುನ ಎಂದು ನಾನೆಂದೆ, ಒರೆಸುವವರು ಯಾರು ಎಂದು ಅವಳೆಂದಳು.

ಆದರೆ ಹೊಸ ತೊಂದರೆ ಒಂದಿದೆ. ವಾಲ್ಯೂಮ್ ತುಂಬಾ ಇದ್ದಾಗ ದನಿ ಮೊದಲಿನ ಹಾಗೇ. ಸ್ವಲ್ಪ ಇಳಿಸಿದರೆ ಸಾಕು, ಕಂಬಳಿ ಹೊದ್ದು ಮಾತಾಡಿದಂತಾಗುತ್ತದೆ. ತೆಳು ತಂತಿಯ ಕಿಣಿಕಿಣಿ ಹೋಗುತ್ತದೆ, ದಪ್ಪ ತಂತಿಯ ಗುಮ್ ಉಳಿಯುತ್ತದೆ. ನೀನು ಸರಳನ್ನು ನಡುಗಿಸಿ ಒಂದು ಸ್ವರವನ್ನು ಅಳುವಂತೆ ಮಾಡುತ್ತಿದ್ದೆಯಲ್ಲ, ಅದು ಈ ತಂತಿ ಜೋಡಣೆಯಲ್ಲಿ ಬದುಕುವುದಿಲ್ಲ. ನನಗೆ ಮುಂದಿನ ದಾರಿ ಗೊತ್ತಿಲ್ಲ. ಗೊತ್ತಿರುವವನು ಒಬ್ಬನೇ. ಅವನು ಕಾಗದ ಬರೆಯುವುದಿಲ್ಲ.

ಚಿತ್ರ ಬರೆದು ಜೊತೆಗಿಟ್ಟಿದ್ದೇನೆ. ನನ್ನ ಬೆಸುಗೆಯನ್ನು ನೀನು ಹಕ್ಕಿ ಹಿಕ್ಕೆ ಎನ್ನುತ್ತಿದ್ದೆ. ಈಗಲೂ ಹಾಗೆಯೇ ಇದೆ, ಬೈಯಲಾದರೂ ಬರೆ.

ಇಂತಿ,
ದೇವರಾಜು


ಕೊಡ್ಲಿಪೇಟೆ
24-9-56

ಶ್ರೀ ದೇವರಾಜು ಅವರಿಗೆ,

ತಮ್ಮ ಚಿತ್ರ ನೋಡಿದೆ. ಕಾಲು ಬದಲಿಸಿದ್ದು ತಪ್ಪಲ್ಲ, ಆದರೆ ಜಾಗ ತಪ್ಪು. ತಾವು ಮದ್ದನ್ನು ಗಿಟಾರಿಗೆ ಹಾಕಿದ್ದೀರಿ. ಹಾಕಬೇಕಾದ್ದು ಡಬ್ಬಿಗೆ.

ದನಿ ಮಂಕಾಗುವುದು ಯಾಕೆಂದರೆ, ಈಗ ಗಿಟಾರಿನಿಂದ ಹೊರಡುವಾಗಲೇ ದೊಡ್ಡ ತಡೆ ದಾಟಿ ಬರಬೇಕು. ಆಮೇಲೆ ಹನ್ನೆರಡು ಅಡಿ ಶೀಲ್ಡ್ ವೈರು. ಆ ವೈರು ಉದ್ದಕ್ಕೂ ಒಂದು ಕಂಡೆನ್ಸರ್ ಇದ್ದ ಹಾಗೆ: ಒಳಗೊಂದು ತಂತಿ, ಸುತ್ತ ಅರ್ಥಿನ ಹೆಣಿಗೆ. ತಡೆ ದಾಟಿ ಸುಸ್ತಾಗಿ ಬಂದ ತೆಳು ದನಿ ದಾರಿಯಲ್ಲೇ ಅರ್ಥಿಗೆ ಸೋರುತ್ತದೆ. ದಪ್ಪ ದನಿ ಸೋರುವುದಿಲ್ಲ. ಕಂಬಳಿ ಹೊದ್ದದ್ದು ಗಿಟಾರಲ್ಲ, ವೈರು.

ಆದ್ದರಿಂದ ಹೀಗೆ ಮಾಡಿ. ಕಂಟ್ರೋಲಿನ ಕಾಲುಗಳನ್ನು ಮೊದಲಿದ್ದ ಹಾಗೆಯೇ ಹಾಕಿ. ಡಬ್ಬಿಯೊಳಗೆ ಎರಡು ನಡುಕಾಲಿನ ತಂತಿಗಳು ಸೇರುವ ಗಂಟು ಬಿಚ್ಚಿ. ಒಂದೊಂದಕ್ಕೂ ಎರಡು ಲಕ್ಷ ಓಮಿನ ರೆಸಿಸ್ಟೆನ್ಸ್ ಹಾಕಿ, ಅದರ ಆಚೆ ತುದಿಯಲ್ಲಿ ಸೇರಿಸಿ. ಈಗ ಒಬ್ಬ ಸೊನ್ನೆಗೆ ಇಳಿದರೂ ಇನ್ನೊಬ್ಬನ ದನಿ ಎರಡು ಲಕ್ಷ ಓಮು ದಾಟದೆ ಆ ನೆಲ ಮುಟ್ಟಲಾರದು. ತಡೆ ಬರುವುದು ಉದ್ದ ವೈರು ದಾಟಿದ ಮೇಲೆ. ಡಬ್ಬಿಯಿಂದ ರೇಡಿಯೊಗೆ ಗೇಣುದ್ದ ತಂತಿ ಸಾಕು, ಅಷ್ಟರಲ್ಲಿ ಸೋರುವುದಕ್ಕೆ ಜಾಗವೇ ಇಲ್ಲ! ಜೋರು ಅರ್ಧ ಕಡಿಮೆಯಾಗುತ್ತದೆ, ರೇಡಿಯೊದ ಗುಂಡಿ ಏರಿಸಿದರೆ ಸರಿಹೋಗುತ್ತದೆ.

ಇಷ್ಟಾದ ಮೇಲೂ ವಾಲ್ಯೂಮ್ ಅರ್ಧಕ್ಕೆ ಇಳಿಸಿದಾಗ ಸ್ವಲ್ಪ ಮಂಕು ಉಳಿಯುತ್ತದೆ, ನನಗೆ ಗೊತ್ತು, ನಾನು ಮಾಡಿ ಕೇಳಿದ್ದೇನೆ. ಅದಕ್ಕೆ ಕಂಟ್ರೋಲಿನ ಪಿಕಪ್ ಕಾಲಿಗೂ ನಡುಕಾಲಿಗೂ ಒಂದು ಸಣ್ಣ ಮೈಕಾ ಕಂಡೆನ್ಸರ್ ಸೇತುವೆಯ ಹಾಗೆ ಹಾಕು. ತೆಳು ದನಿ ತಡೆಯ ಸುತ್ತ ಬಳಸಿಕೊಂಡು ಆ ಸೇತುವೆ ಮೇಲೆ ಓಡಿಬಿಡುತ್ತದೆ ಕಣೋ! ಇಳಿಸಿ ನುಡಿಸಿದರೂ ಕಿಣಿಕಿಣಿ ಎಲ್ಲಿಗೂ ಹೋಗುವುದಿಲ್ಲ. ದೊಡ್ಡದು ಹಾಕಿದರೆ ತಗಡು ಬಡಿದಂತೆ ಆಗುತ್ತದೆ, ನಾನು ನಾಲ್ಕು ಅಳತೆಯವು ಹಾಕಿ ಹಾಕಿ ನೋಡಿ ಈ ಒಂದನ್ನು ಆರಿಸಿದೆ. ಸುಲೋಚನ ಊಟಕ್ಕೆ ಮೂರು ಸಲ ಕರೆದಳು.

ರೆಸಿಸ್ಟೆನ್ಸ್ ಎರಡು, ಕಂಡೆನ್ಸರ್ ಒಂದು ಪೊಟ್ಟಣ ಕಟ್ಟಿ ಮಾಯಿಲಪ್ಪನ ಕೈಗೆ ಕೊಟ್ಟಿದ್ದೇನೆ. ಬೆಸುಗೆ ಹಾಕುವಾಗ ಕಾವು ಹೆಚ್ಚು ಹೊತ್ತು ಇಡಬೇಡ.

ಒಂದು ವಿಷಯ. ಡಬ್ಬಿಯ ಮುಚ್ಚಳದ ಒಳಭಾಗದಲ್ಲಿ ಏನಾದರೂ ಗೀಚಿದ್ದು ಕಾಣುತ್ತದೆಯೇ? ನೋಡಿ ಬರೆಯುವುದು.

ಎಂ. ಮಲ್ಲಪ್ಪ


ಸಿದ್ದಾಪುರ
1 ಅಕ್ಟೋಬರ್ 1956, ಸೋಮವಾರ

ಮಲ್ಲಪ್ಪ,

ಗೆದ್ದೆವು! ನಿನ್ನೆ ಹನ್ನೊಂದೂಕಾಲಿಗೆ. ಸಾಕ್ಷಿಗಳು ರಂಗಮ್ಮ, ಪಕ್ಕದ ಲೈನಿನ ಮುತ್ತಿ, ಶಾಲೆಯ ಮೇಷ್ಟ್ರು. ಎಲ್ಲರನ್ನೂ ಕರೆದು ಕೂರಿಸಿದ್ದೆ.

ನೀನು ಹೇಳಿದ ಹಾಗೆಯೇ ಮಾಡಿದೆ. ನಾನು ಸೊನ್ನೆಗೆ ಇಳಿಸಿದರೆ ಪ್ಲೇಟು ಹಾಡುತ್ತದೆ. ಪ್ಲೇಟು ನಿಲ್ಲಿಸಿದರೆ ನಾನು ಕೇಳಿಸುತ್ತೇನೆ. ನಾನು ಇಳಿದರೂ ಏರಿದರೂ ಇನ್ನೊಂದರ ಜೋರು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಇನ್ನು ಆ ಮೈಕಾ ಚೂರು! ಅರ್ಧಕ್ಕೆ ಇಳಿಸಿ ಮೊದಲ ತಂತಿ ಮೀಟಿದೆ. ದನಿ ಸಣ್ಣದು, ಆದರೆ ಪೂರ್ತಿ ಇತ್ತು. ದೂರದಿಂದ ಬಂದ ಹಾಗಿತ್ತೇ ಹೊರತು ಗೋಡೆಯ ಹಿಂದಿನಿಂದ ಬಂದ ಹಾಗಿರಲಿಲ್ಲ. ಮುತ್ತಿ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ರೈಟ್ರೇ, ಇಷ್ಟು ದಿನ ನೀವು ನುಡಿಸ್ತಿದ್ದದ್ದು ಏನು ಹಾಗಾದ್ರೆ?" ಎಂದಳು. ನನಗೆ ಸಿಟ್ಟೇ ಬರಲಿಲ್ಲ.

ನೀನು ಕಾಗದದ ನಡುವೆ ಎಲ್ಲಿಂದಲೋ ನನ್ನನ್ನು ಏಕವಚನದಲ್ಲಿ ಕರೆಯಲು ಶುರು ಮಾಡಿದ್ದೀಯ. ಆ ಸಾಲನ್ನು ರಂಗಮ್ಮ ಎರಡು ಸಲ ಓದಿಸಿದಳು. ಕಡೆಯಲ್ಲಿ ಮತ್ತೆ ನೆನಪಾಗಿ ನೆಟ್ಟಗೆ ಕುಳಿತಿದ್ದೀಯ. ಪರವಾಗಿಲ್ಲ.

ಮುಚ್ಚಳದ ವಿಷಯ: ಒಳಗೆಲ್ಲ ತುಕ್ಕು ಹಿಡಿದಿದೆ. ಏನಾದರೂ ಗೀಚಿದ್ದರೂ ಓದಲು ಬರುವುದಿಲ್ಲ. ನಾನು ಹೆಚ್ಚು ನೋಡಲೂ ಹೋಗಲಿಲ್ಲ.

ಗಿಟಾರಿನ ವಿಷಯ ನಾನು ಕೇಳುವುದಿಲ್ಲ ಎಂದುಕೊಂಡಿದ್ದೆ. ಕೇಳುತ್ತೇನೆ. ಹದಿನಾರನೇ ತಾರೀಖು ಸಂಪಾಜೆಯವರು ಬರುತ್ತಾರೆಯೇ?

ಇಂತಿ,
ದೇವರಾಜು


ಕೊಡ್ಲಿಪೇಟೆ
9-10-56

ದೇವರಾಜು,

ಆ ಡಬ್ಬಿ ಅಲ್ಯುಮಿನಿಯಂ. ತುಕ್ಕು ಹಿಡಿಯುವುದಿಲ್ಲ.

ಮುಚ್ಚಳ ತೆಗೆಯದೆ ಒಳಗೆ ರೆಸಿಸ್ಟೆನ್ಸ್ ಹಾಕಲು ಆಗುವುದಿಲ್ಲ ಎನ್ನುವುದೂ ನನಗೆ ಗೊತ್ತು, ಆಗಸ್ಟಿನಲ್ಲಿ ನಡುಕಾಲುಗಳ ಗಂಟಿನ ಬಗ್ಗೆ ಬರೆದೆಯಲ್ಲ, ಆಗಲೇ ನೀನು ತೆಗೆದು ನೋಡಿದ್ದೆ ಎನ್ನುವುದೂ ಗೊತ್ತು. ಅಲ್ಲಿ ಏನಿದೆ ಎಂದು ನಾನೇ ಬರೆಯುತ್ತೇನೆ: "ಎಂ.ಎಂ. 26-1-54. ಸರಿ ಇದೆ." ಮೊಳೆಯಲ್ಲಿ ಗೀಚಿದವನು ನಾನು. ಮಧ್ಯಾಹ್ನ ಮೂರು ಗಂಟೆಗೆ, ನಿನ್ನ ಜಗಲಿಯ ಮೇಲೆ ಕುಳಿತು.

ಜಬ್ಬಲ್‌ಪುರದ ಪದ್ಧತಿ ನಿನಗೆ ನೆನಪಿಲ್ಲದೆ ಇರುತ್ತದೆಯೇ? ಸೆಟ್ಟು ಪರೀಕ್ಷೆ ಮಾಡಿದವನು ಮುಚ್ಚಳದೊಳಗೆ ತನ್ನ ಅಕ್ಷರ, ತಾರೀಖು, ಸರಿ ಇದೆ ಎಂಬ ಮಾತು ಗೀಚಬೇಕು. ಆ ಸೆಟ್ಟು ಹೊರಗೆ ಹೋಗಿ ಕೈಕೊಟ್ಟರೆ, ಬೆಳಗಿನ ಹಾಜರಿಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, ಅದು ನನ್ನದು ಎನ್ನಬೇಕು. ನೀನು ಎರಡು ಸಲ ಎದ್ದಿದ್ದೆ. ನಾನು ಒಂದು ಸಲವೂ ಏಳಲಿಲ್ಲ. ಅದನ್ನು ನಾನು ಹತ್ತು ವರ್ಷ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದೇನೆ.

ನಾನು ಪರೀಕ್ಷೆ ಮಾಡಿದ್ದು ನಿಜ. ಎರಡೂ ವಾಲ್ಯೂಮ್ ತುಂಬಾ ಇಟ್ಟು ಮಾಡಿದೆ. ಒಂದನ್ನು ಇಳಿಸಿ ನೋಡಬೇಕು ಎಂದು ಹೊಳೆಯಲಿಲ್ಲ. ನಾನು ರೇಡಿಯೊದವನು. ರೇಡಿಯೊದಲ್ಲಿ ವಾಲ್ಯೂಮ್ ಕಂಟ್ರೋಲು ಇರುವುದು ಒಂದೇ. ಅದನ್ನು ಸೊನ್ನೆಗೆ ಇಳಿಸಿದರೆ ಪಕ್ಕದವನ ಗತಿಯೇನು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ, ಪಕ್ಕದವನೇ ಇಲ್ಲ. ಹೋಗಲಿ, ನನ್ನ ಸರದಿ ಬಂದಾಗ ಪೂರ್ತಿ ಇಳಿಸು ಎಂದು ನಿನಗೆ ಹೇಳಿದವನೂ ನಾನೇ.

ನಿನ್ನ ಮೊದಲ ಕಾಗದ ಬಂದಾಗ ನಕ್ಕೆ. ಎರಡನೆಯದು ಬಂದಾಗ ನಗು ಬರಲಿಲ್ಲ. ಸೆಪ್ಟೆಂಬರ್ ಎರಡನೇ ತಾರೀಖು ಗಿಟಾರು ಇಳಿಸಿ, ಗ್ರಾಮಫೋನಿನ ಜೊತೆ ಸೇರಿಸಿ, ಬ್ಯಾಟರಿ ಸೆಟ್ಟಿಗೆ ಹಾಕಿ, ಗುಂಡಿ ತಿರುಗಿಸಿದೆ. ಸತ್ತಿತು. ಮೂರು ವಾರ ನಿನಗೆ ಬರೆಯಲಿಲ್ಲ. ಬರೆದಾಗಲೂ ರೆಸಿಸ್ಟೆನ್ಸಿನ ಬಗ್ಗೆ ಬರೆದೆ. ಅದು ಸುಲಭ.

ಬಟ್ಟೆ ಅಂಗಡಿ ಶಾಂತಪ್ಪ ನಿನಗೆ ಗೊತ್ತಲ್ಲ. ಎರಡೂವರೆ ವರ್ಷದಿಂದ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ, "ಏನಯ್ಯಾ ಮಲ್ಲಪ್ಪ, ಇವತ್ತು ದನಿ ಬಂತಾ?" ಎಂದು ಕೇಳುವುದು ಅವನ ವಾಡಿಕೆ. ನಾನು ದಿನಾ ನಿನ್ನ ಹೆಸರು ಹೇಳಿ ಬೈಯುತ್ತಿದ್ದೆ. ಕೊಡ್ಲಿಪೇಟೆಯಲ್ಲಿ ನಿನ್ನ ಮುಖ ನೋಡದವರಿಗೂ ನೀನು ದ್ರೋಹಿ ಎಂದು ಗೊತ್ತು. ನಿನ್ನೆ ಅವನು ಕೇಳಿದಾಗ, "ಬಂತು. ಬೆಸುಗೆಯೂ ನನ್ನದೇ, ತಪ್ಪೂ ನನ್ನದೇ" ಎಂದೆ. ಶಾಂತಪ್ಪ ಬೀಗ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತ. "ಅಲ್ಲಯ್ಯ, ನಾಳೆಯಿಂದ ನಾನು ಏನು ಕೇಳ್ಲಿ?" ಎಂದ.

ನೀನು ತುಕ್ಕು ಎಂದು ಯಾಕೆ ಬರೆದೆ ಎಂದು ಸುಲೋಚನ ಕೇಳಿದಳು. ಮುಚ್ಚಳದಲ್ಲಿ ಗೀಚಿದವನು ಯಾರೆಂದು ಹೇಳಿದೆ. ಉಳಿದದ್ದನ್ನು ಅವಳೇ ಅರ್ಥ ಮಾಡಿಕೊಂಡು ಒಳಗೆ ಹೋದಳು.

ಮಲ್ಲಪ್ಪ


ಸಿದ್ದಾಪುರ
13 ಅಕ್ಟೋಬರ್ 1956, ಶನಿವಾರ

ಮಲ್ಲಪ್ಪ,

ಅಕ್ಷರಗಳನ್ನು ನಾನು ಓದಿದ್ದು ಆಗಸ್ಟ್ ಹನ್ನೆರಡರಂದೇ, ಪ್ಲೇಟು ನಿಂತ ಹತ್ತು ನಿಮಿಷಕ್ಕೆ. ರಂಗಮ್ಮನಿಗೂ ಓದಿ ಹೇಳಿದ್ದೆ. ಇದನ್ನು ಬರೆಯಬೇಡಿ, ಅವರೇ ಕೇಳಲಿ ಎಂದಳು. ನೀನು ಕೇಳಿದಾಗ ತುಕ್ಕು ಎಂಬ ಮಾತು ಕೈಗೆ ಬಂತು. ಬರೆಯುವಾಗ ಕಿವಿ ಕೆಂಪಾಗಿತ್ತಂತೆ.

ಇದು ದೊಡ್ಡ ವಿಷಯವಲ್ಲ. ನೀನು ಬರುತ್ತೀಯೋ ಇಲ್ಲವೋ, ಅದು ದೊಡ್ಡ ವಿಷಯ. ಮೇಷ್ಟ್ರು ಹೆಸರುಗಳನ್ನು ಬೋರ್ಡಿನ ಮೇಲೆ ಬರೆದಿದ್ದಾರೆ. ನನ್ನ ಹೆಸರಿನ ಪಕ್ಕದಲ್ಲಿ ಜಾಗ ಬಿಡಿಸಿದ್ದೇನೆ. ಮುಂದಿನ ಮಂಗಳವಾರ ನಾನು ಯಾವ ಕೆಲಸವೂ ಮಾಡಲಾರೆ. ಸಂಪಾಜೆಯ ರಸ್ತೆ ಇಲ್ಲಿಂದ ಕಾಣುವುದಿಲ್ಲ, ಆದರೂ ನೋಡುತ್ತಿರುತ್ತೇನೆ.

ಇಂತಿ,
ದೇವರಾಜು


ಕೊಡ್ಲಿಪೇಟೆ
22-10-56, ಸೋಮವಾರ

ದೇವರಾಜು,

ಗಿಟಾರು ಮಾರಿಲ್ಲ. ಸಂಪಾಜೆಯವರು ಹೇಳಿದ ದಿನವೇ ಬಂದರು. ಒಯ್ಯುವ ಮೊದಲು ಒಂದು ಸಲ ದನಿ ಕೇಳಿಸಿ ಎಂದರು. ಕೇಳಿಸಿದೆ. ವಾಲ್ಯೂಮ್ ಅರ್ಧಕ್ಕೆ ಇಳಿಸಿ, ಸರಳು ನಡುಗಿಸಿ. ಅವರು, "ಇದನ್ನ ನೀವು ಕೊಡೋದಿಲ್ಲ ಅಂತ ನಿಮ್ಮ ಮುಖದಲ್ಲೇ ಬರೆದದೆ, ಕಾಫಿ ಆದ್ರೂ ಕೊಡಿ" ಎಂದರು. ಕುಡಿದು ಹೋದರು. ಇಪ್ಪತ್ತೇಳಕ್ಕೆ ಸಿದ್ದಾಪುರಕ್ಕೆ ಬರುತ್ತಾರಂತೆ.

ಶಾಂತಪ್ಪನೂ ಬರುತ್ತಾನೆ. ಅಂಗಡಿ ಮುಚ್ಚಿ ಬರುತ್ತಾನಂತೆ, ಯಾರೂ ಕರೆದಿಲ್ಲ. ಸುಲೋಚನ ಬರುತ್ತಾಳೆ. ಡಬ್ಬಿ ವಾಪಸ್ಸು ಬೇಡವಂತೆ, ಅದರಲ್ಲಿ ಎರಡು ಸಂಸಾರದ ಊಟ ಆಗಿದೆ ಎನ್ನುತ್ತಾಳೆ. ರಂಗಮ್ಮನಿಗೆ ಹೇಳು.

ಮುಚ್ಚಳದ ಮೇಲಿನ ಅಕ್ಷರ ಅಳಿಸಬೇಡ. ಅದರ ಕೆಳಗೆ ಜಾಗ ಬಿಡು.

ಶನಿವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟು, ಸೋಮವಾರಪೇಟೆಯಲ್ಲಿ ಬದಲಿಸಿ, ಮಧ್ಯಾಹ್ನ ಎರಡಕ್ಕೆ ಅಲ್ಲಿರುತ್ತೇವೆ. ಮೂರು ಗಂಟೆಗೆ ಡಬ್ಬಿಯ ಪರೀಕ್ಷೆ: ಎರಡೂ ತುಂಬಾ, ಎರಡೂ ಅರ್ಧ, ನಿನ್ನದು ಸೊನ್ನೆ, ನನ್ನದು ಸೊನ್ನೆ. ಆರು ಗಂಟೆಗೆ ಎಲ್ಲರ ಮುಂದೆ ನಾನು ಎದ್ದು ನಿಂತು, ಆ ಡಬ್ಬಿ ನನ್ನದು ಎನ್ನುತ್ತೇನೆ. ಆರು ಗಂಟೆ ಐದು ನಿಮಿಷಕ್ಕೆ ನನ್ನ ಸರದಿ. ಆಗ ನೀನು ವಾಲ್ಯೂಮ್ ಪೂರ್ತಿ ಇಳಿಸು.

ಮಲ್ಲಪ್ಪ